ಒಣಗಿದ ಜೋಳ ಮಳೆಗೆ ಚಿಗುರಿದೆ, ಹಸುವಿಗೆ ಹಾಕಬಹುದಾ? (ಮೇವಿನ ಪ್ರಶ್ನೋತ್ತರ)

ಅಡ್ಮಿನ್: ಪಶುವೈದ್ಯೆ ಮೇಡಂ ಇವತ್ತು ಸಂಜೆ ಗುಂಪಿನಲ್ಲಿ ಇರ್ತಾರೆ. ಊರು, ಬೆಳೆ, ಬಿತ್ತಿ ಎಷ್ಟು ದಿನ ಆಯ್ತು, ಇಷ್ಟು ಬರೆದು ಕೇಳಿ. ಫಾರ್ವರ್ಡ್ ಬೇಡ.

ತರೀಕೆರೆ: ಮೇಡಂ, ಸೂಪರ್ ನೇಪಿಯರ್ ಹುಲ್ಲು ಹಾಕಿದ್ರೆ ಹಿಂಡಿ, ಬೂಸಾ ಬೇಕಿಲ್ಲ ಅಂತಾರೆ. ನಿಜವಾ?

ಮೇಡಂ: ಇಲ್ಲ. ಹಾಲು ಕೊಡೋ ಹಸುವಿಗೆ ಹಿಂಡಿ ಬೇಕು. ನೇಪಿಯರ್ ಜೊತೆ ಅಲಸಂದೆ ಅಥವಾ ಬೇಲಿ ಮೆಂತ್ಯ ಸೇರಿಸಿ.

ಸಕಲೇಶಪುರ: ಕೋ-5 ನೇಪಿಯರ್, ನೆಟ್ಟು ಎರಡು ತಿಂಗಳು. ಬುಡದಲ್ಲಿ ಎಂಟು ದಿನದಿಂದ ನೀರು ನಿಂತು ಎಲೆ ಹಳದಿ ಆಗಿದೆ. ಈಗಲೇ ಕೊಯ್ಯಬೇಕಾ, ಬಿಡಬೇಕಾ?

ಕಡೂರು: ಮೇಡಂ, ಮೇ ಮಳೆಗೆ ಬಿತ್ತಿದ ಮೇವಿನ ಜೋಳ, ಅರ್ಧ ಎಕರೆ. ಮೂರು ವಾರ ಮಳೆ ಇಲ್ಲದೆ ಮೊಣಕಾಲುದ್ದಕ್ಕೇ ಬಾಡಿ ನಿಂತಿತ್ತು. ಹೋದ ವಾರ ಮಳೆ ಬಿದ್ದು ಬುಡದಿಂದ ಕಡುಹಸಿರು ಚಿಗುರು ಬಂತು. ಬೆಳಗ್ಗೆ ಒಂದು ಹೊರೆ ಕೊಯ್ದು ಒಂದು ಸೀಮೆಹಸುವಿಗೆ ಹಾಕಿದ್ವಿ. ಹತ್ತು ನಿಮಿಷಕ್ಕೆ ಬಾಯಿ ತೆರೆದು ಏದುಸಿರು, ಮೈ ನಡುಕ, ಬಿದ್ದೇಬಿಡ್ತು. ಡಾಕ್ಟ್ರು ಬಂದು ನರಕ್ಕೆ ಇಂಜೆಕ್ಷನ್ ಕೊಟ್ಟ ಮೇಲೆ ಎದ್ದಿದೆ. ಹೊಲದಲ್ಲಿರೋ ಜೋಳ ಏನು ಮಾಡೋದು?

ಮೇಡಂ: ಕಡೂರಿನವರೇ, ಮೊದಲು ಗೊಂತಿನಲ್ಲಿ ಉಳಿದ ಹೊರೆ ತೆಗೆದು ಕುರಿ, ಮೇಕೆಗೂ ಸಿಗದ ಕಡೆ ಹಾಕಿ. ಉಳಿದ ಹಸುಗಳಿಗೆ ಒಂದು ಎಸಳೂ ಹಾಕಬೇಡಿ.

ನೀವು ಬರೆದ ಲಕ್ಷಣ ನೋಡಿದ್ರೆ ಇದು ಸಯನೈಡ್ ವಿಷ. ಎಳೆ ಜೋಳದ ಎಲೆಯಲ್ಲಿ ಧುರ್ರಿನ್ ಅನ್ನೋ ಪದಾರ್ಥ ಇರುತ್ತೆ. ಹಸು ಅಗಿದಾಗ ಅದು ಒಡೆದು ಸಯನೈಡ್ ಬಿಡುಗಡೆ ಆಗುತ್ತೆ. ರಕ್ತದಲ್ಲಿ ಆಮ್ಲಜನಕ ಇದ್ರೂ ಜೀವಕೋಶ ಅದನ್ನ ಬಳಸೋಕೆ ಆಗಲ್ಲ. ಅದಕ್ಕೇ ಅಂಥ ಹಸುವಿನ ಒಸಡು, ರಕ್ತ ಎರಡೂ ಕಡುಗೆಂಪಾಗಿ ಕಾಣುತ್ತೆ. ಗಿಡ ಬಾಡಿ ಬೆಳವಣಿಗೆ ನಿಂತಾಗ ವಿಷ ಹೆಚ್ಚು, ಮಳೆ ಬಿದ್ದ ಮೇಲೆ ಬರೋ ಹೊಸ ಚಿಗುರಲ್ಲಿ ಇನ್ನೂ ಹೆಚ್ಚು. ನಿಮ್ಮ ಹೊಲದಲ್ಲಿ ಎರಡೂ ಕೂಡಿವೆ.

ಇನ್ನು ಹೊಲದ ವಿಷಯ. ಬೆಳೆ ಹಾಗೇ ಬಿಡಿ, ಅರ್ಧಕ್ಕರ್ಧ ತೆನೆ ಹೂವಾಡುವವರೆಗೆ ಕುಡುಗೋಲು ಹಾಕಬೇಡಿ. ಹಸಿರು ಕಡಿಮೆ ಅಂತ ಈಗ ಯೂರಿಯಾ ಎರಚಬೇಡಿ, ವಿಷ ಏರುತ್ತೆ, ಜೊತೆಗೆ ನೈಟ್ರೇಟ್ ಅನ್ನೋ ಇನ್ನೊಂದು ವಿಷವೂ ಕೂಡಿಕೊಳ್ಳುತ್ತೆ. ಒಂದು ದಿನ ಬಾಡಿಸಿ ಹಾಕಿದ್ರೆ ಸಾಕು ಅನ್ನೋ ಮಾತು ನಂಬಬೇಡಿ. ಪೂರ್ತಿ ಒಣಗಿದ್ರೆ ಮಾತ್ರ ಸಯನೈಡ್ ಬಹಳಷ್ಟು ಹೋಗುತ್ತೆ, ನೈಟ್ರೇಟ್ ಆಗಲೂ ಹೋಗಲ್ಲ. ಹೂವಾಡಿದ ಮೇಲೂ ಹಸಿದ ಹಸುವಿಗೆ ನೇರವಾಗಿ ಹಾಕಬೇಡಿ. ಮೊದಲು ಅರ್ಧ ಹೊಟ್ಟೆ ರಾಗಿ ಹುಲ್ಲು, ಆಮೇಲೆ ಹುಲ್ಲಿನ ಜೊತೆ ಬೆರೆಸಿ ಸ್ವಲ್ಪ ಸ್ವಲ್ಪ. ಕೊಯ್ದ ಮೇಲೆ ಕೂಳೆಯಿಂದ ಬರೋ ಚಿಗುರಿಗೂ ಇದೇ ಎಚ್ಚರ, ದನ ಬಿಟ್ಟು ಮೇಯಿಸಬೇಡಿ.

ಅರಸೀಕೆರೆ: ಫಾರ್ವರ್ಡ್: "ಜೋಳದ ವಿಷಕ್ಕೆ ಅರ್ಧ ಕೆ.ಜಿ. ಬೆಲ್ಲ, ಹುಣಸೆ ನೀರು, ಮಜ್ಜಿಗೆ ಗೊಟ್ಟದಲ್ಲಿ ಕುಡಿಸಿ. 5 ನಿಮಿಷದಲ್ಲಿ ಏಳುತ್ತೆ. ಎಲ್ಲರಿಗೂ ಕಳಿಸಿ."

ಮೇಡಂ: ಯಾರಿಗೂ ಕಳಿಸಬೇಡಿ. ನಡುಗ್ತಾ ಏದುಸಿರು ಬಿಡೋ ಹಸುವಿಗೆ ನುಂಗೋ ಹಿಡಿತ ಇರಲ್ಲ. ಗೊಟ್ಟ ಎತ್ತಿದ್ರೆ ಮಜ್ಜಿಗೆ ಶ್ವಾಸಕೋಶಕ್ಕೆ ಇಳಿಯುತ್ತೆ, ವಿಷದಿಂದ ಬದುಕಿದ ಹಸು ಅದರಿಂದ ಸಾಯುತ್ತೆ. ಡಾಕ್ಟರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಏನು ತಿಂದಿತ್ತು ಅಂತ ಹೇಳಿ.

ಅರಸೀಕೆರೆ: ಡಾಕ್ಟ್ರು ಬರೋಷ್ಟರಲ್ಲಿ ಸತ್ತೋಗುತ್ತೆ ಮೇಡಂ. ಆ ಇಂಜೆಕ್ಷನ್ ಹೆಸರು ಹೇಳಿ, ಮನೇಲಿ ಇಟ್ಕೊಳ್ತೀವಿ.

ಮೇಡಂ: ಹೇಳಲ್ಲ. ಸಯನೈಡ್‌ಗೆ ಕೊಡೋ ಒಂದು ಔಷಧಿ ನೈಟ್ರೇಟ್ ವಿಷ ಆದ ಹಸುವಿಗೆ ಬಿದ್ರೆ ಕೊಂದುಬಿಡುತ್ತೆ. ಎರಡರಲ್ಲೂ ಏದುಸಿರು ಇರುತ್ತೆ. ನೈಟ್ರೇಟ್‌ನಲ್ಲಿ ರಕ್ತ ಚಾಕೊಲೇಟ್ ಬಣ್ಣ. ನೋಡಿ ತೀರ್ಮಾನಿಸೋದು ಡಾಕ್ಟರ ಕೆಲಸ.

ಚನ್ನರಾಯಪಟ್ಟಣ: ಇಷ್ಟೆಲ್ಲ ಯಾಕೆ? ಜೋಳ ಬಿಟ್ಟು ಆಫ್ರಿಕನ್ ಟಾಲ್ ಮೆಕ್ಕೆಜೋಳ ಹಾಕಿ, ಗುಂಡಿಯಲ್ಲಿ ಗಾಳಿಯಾಡದಂತೆ ಮುಚ್ಚಿ ರಸಮೇವು (ಸೈಲೇಜ್) ಮಾಡ್ಕೊಳ್ಳಿ.

ಕಡೂರು: ನಿಮಗೆ ಹೇಮಾವತಿ ನಾಲೆ ಇದೆ, ಹೇಳ್ತೀರಿ. ನಮ್ಮ ಹೊಲದಲ್ಲಿ ಮೂರು ವಾರ ಮಳೆ ಇಲ್ಲದೆ ನಿಲ್ಲೋದು ಜೋಳ ಒಂದೇ.

ಚನ್ನರಾಯಪಟ್ಟಣ: ನಾಲೆ ನೀರು ನಮ್ಮೂರ ತನಕ ಬರಲ್ಲಣ್ಣ, ಬೋರ್‌ವೆಲ್ಲೇ. ಗೊತ್ತಿಲ್ಲದೆ ಮಾತಾಡ್ಬೇಡಿ.

ಬೇಲೂರು: ರಸಮೇವಿಗೆ ಬೆಲ್ಲ, ಉಪ್ಪು ಹಾಕದಿದ್ರೆ ಕೊಳೆಯುತ್ತೆ.

ಚನ್ನರಾಯಪಟ್ಟಣ: ಮೆಕ್ಕೆಜೋಳಕ್ಕೆ ಬೆಲ್ಲ ಯಾಕ್ರೀ? ಸುಮ್ನೆ ಖರ್ಚು.

ಬೇಲೂರು: ನಿಮ್ಮ ಗುಂಡಿ ಕೊಳೆತಾಗ ಬನ್ನಿ, ಮಾತಾಡೋಣ.

ಮೇಡಂ: ಮೆಕ್ಕೆಜೋಳಕ್ಕೆ ಬೆಲ್ಲ ಬೇಕಿಲ್ಲ, ಅದರಲ್ಲೇ ಸಕ್ಕರೆ ಅಂಶ ಸಾಕಷ್ಟಿದೆ. ನೇಪಿಯರ್‌ನಲ್ಲಿ ಕಡಿಮೆ, ಅದಕ್ಕೆ ಬೆಲ್ಲ ಹಾಕಿದ್ರೆ ಸಹಾಯ ಆಗುತ್ತೆ. ಗುಂಡಿ ಕೊಳೆಯೋದು ಹೆಚ್ಚಾಗಿ ನೀರಿನಂಶ ಮತ್ತು ಗಾಳಿಯಿಂದ. ಕಾಳು ಹಾಲು ಕಳೆದು ಹಿಟ್ಟುಗಟ್ಟುವಾಗ ಕೊಯ್ಯಿರಿ, 2–3 ಸೆಂ.ಮೀ. ಕತ್ತರಿಸಿ. ಒಂದು ಹಿಡಿ ಗಟ್ಟಿಯಾಗಿ ಹಿಂಡಿ ಕೈ ಬಿಚ್ಚಿ. ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿದ್ರೆ ನೀರು ಹೆಚ್ಚು. ಬಿಚ್ಚಿದ ತಕ್ಷಣ ಉದುರಿ ಚೆಲ್ಲಿದ್ರೆ ಒಣಗಿದೆ. ಉಂಡೆ ನಿಧಾನಕ್ಕೆ ಅರಳಿ ಅಂಗೈ ತೇವ ಅನ್ನಿಸಿದ್ರೆ ಸರಿ. ಪದರ ಪದರವಾಗಿ ತುಳಿದು ಗಾಳಿ ಹೊರಡಿಸಿ, ಮಳೆ ಬರೋ ಮುಂಚೆ ಮುಚ್ಚಿ, 45 ದಿನ ತೆಗೆಯಬೇಡಿ.

ಅರಸೀಕೆರೆ: ಫಾರ್ವರ್ಡ್: "ಬಕೆಟ್ ನೀರಿಗೆ ಎರಡು ಹಿಡಿ ಯೂರಿಯಾ ಕರಗಿಸಿ ಒಣಹುಲ್ಲಿಗೆ ಚಿಮುಕಿಸಿ, ತಕ್ಷಣ ಹಾಕಿ. ಹಾಲು ಡಬಲ್."

ಮೇಡಂ: ಇದನ್ನ ಡಿಲೀಟ್ ಮಾಡಿ, ಈಗಲೇ. ಹಸುವಿಗೆ ಅಮೋನಿಯಾ ವಿಷ ಏರುತ್ತೆ. ಪದ್ಧತಿ ಬೇರೆ: 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾ ತೂಕ ಮಾಡಿ, 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರಕ್ಕೆ ಸಮವಾಗಿ ಚಿಮುಕಿಸಿ, ತುಳಿದು, ಟಾರ್ಪಾಲಿನಲ್ಲಿ ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ಹಾಕೋ ಮುಂಚೆ ಹರಡಿ ಘಾಟು ಹೋಗಲು ಬಿಡಬೇಕು. ಆರು ತಿಂಗಳೊಳಗಿನ ಕರುವಿಗೆ ಬೇಡವೇ ಬೇಡ. ಹಿಡಿ ಲೆಕ್ಕ ಇಲ್ಲಿ ನಡೆಯಲ್ಲ.

ಅರಸೀಕೆರೆ: ಒಳ್ಳೇದಾಗ್ಲಿ ಅಂತ ಹಾಕಿದ್ದು. ಇಷ್ಟು ರೇಗೋದು ಯಾಕೆ?

ಚನ್ನರಾಯಪಟ್ಟಣ: ಅಣ್ಣ, ಒಂದು ದಿನ ಫಾರ್ವರ್ಡ್ ನಿಲ್ಲಿಸಿ.

ಅರಸೀಕೆರೆ: ನಿಮ್ಮನ್ನ ಕೇಳಿಲ್ಲ.

ಮೂಡಿಗೆರೆ: ಸೂಪರ್ ನೇಪಿಯರ್ ಇದ್ರೆ ಹಿಂಡಿ ಬೇಕಾ?

ಮೇಡಂ: ಮೇಲೆ ನೋಡಿ.

ಕಡೂರು: ಮೇಡಂ, ಹಸು ಮೆಲುಕು ಹಾಕ್ತಿದೆ. ರಾತ್ರಿಗೆ ಏನು ಹಾಕಲಿ?

ಮೇಡಂ: ಒಳ್ಳೆ ಲಕ್ಷಣ. ರಾಗಿ ಹುಲ್ಲು, ನೀರು ಮಾತ್ರ. ಬೂಷ್ಟು ಹಿಡಿದ ಹುಲ್ಲು ಬೇಡ. ಮತ್ತೆ ಏದುಸಿರು ಕಂಡ್ರೆ ಕಾಯಬೇಡಿ, ಡಾಕ್ಟರನ್ನ ಕರೆಸಿ. ವಿಷ ಮರುಕಳಿಸಬಹುದು.

ಸಕಲೇಶಪುರ: ಮೇಡಂ, ನೇಪಿಯರ್ ಹಳದಿ ಆಗಿರೋದು ಕೇಳಿದ್ದೆ. ಇವತ್ತೂ ನೀರು ಇಳಿದಿಲ್ಲ.