ಹಳೇ ಆಪ್ಟಿಪ್ಲೆಕ್ಸ್ 9020ಗೆ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕೋದು?

ತುಂಗಾತೀರ: ಡೆಲ್ ಆಪ್ಟಿಪ್ಲೆಕ್ಸ್ 9020 ಮಿನಿ ಟವರ್. ಐ5-4590 ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, 290 ವ್ಯಾಟ್ ಪವರ್ ಸಪ್ಲೈ, ವಿಂಡೋಸ್ 10. 1080ಪಿಯಲ್ಲಿ ಜಿಟಿಎ 5, ವ್ಯಾಲರಂಟ್ ಆಡಬೇಕು. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಹಾಕಬಹುದಾ?

ಬೆಸುಗೆ: ಈ ಸಪ್ಲೈ ಇಟ್ಕೊಂಡು ಬೇಡ. 580 ಒಂದೇ 185 ವ್ಯಾಟ್ ಎಳೆಯತ್ತೆ, 8 ಪಿನ್ ಕೇಬಲ್ ಬೇರೆ ಕೇಳತ್ತೆ. ನಿಮ್ಮ ಸಪ್ಲೈಯಲ್ಲಿ ಆ ಕೇಬಲ್ಲೇ ಇಲ್ಲ. ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡೋ ಸಾಟಾ ಪವರ್‌ನಿಂದ ಅಡಾಪ್ಟರ್ ಹಾಕಿ ಕೊಡ್ತೀವಿ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಒಪ್ಪಬೇಡಿ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳು ಒಟ್ಟು 4.5 ಆಂಪಿಯರ್‌ಗೆ ಮಾಡಿದ್ದು, ಅಂದ್ರೆ 54 ವ್ಯಾಟ್. ಮೀರಿದ್ರೆ ಬಿಸಿಗೆ ಪ್ಲಾಸ್ಟಿಕ್ ಕರಗತ್ತೆ. ಕಾರ್ಡ್ ಕೂರೋ ಪಿಸಿಐಇ ಸ್ಲಾಟ್ ಕೊಡೋ 75 ವ್ಯಾಟ್‌ನಲ್ಲೇ ಓಡೋ ಕಾರ್ಡ್ ನೋಡಿ: 6 ಪಿನ್ ಇಲ್ಲದ ಜಿಟಿಎಕ್ಸ್ 1650, ಇಲ್ಲಾಂದ್ರೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾಡೆಲ್, 70 ವ್ಯಾಟ್. 3050ರ 8 ಜಿಬಿ ಬೇರೆಯದೇ ಕಾರ್ಡು, ಅದಕ್ಕೆ ಕೇಬಲ್ ಬೇಕು.

ಕರಾವಳಿ_ಪಿಸಿ: ಸಪ್ಲೈಯನ್ನೇ ಬದಲಾಯಿಸಿದ್ರೆ ಆಯ್ತಲ್ಲ? ಒಳ್ಳೆಯ 450 ವ್ಯಾಟ್ ಹಾಕಿದ್ರೆ ಆರ್‌ಎಕ್ಸ್ 6600 ಕೂಡ ನಡೆಯತ್ತೆ, 132 ವ್ಯಾಟ್ ಅಷ್ಟೇ.

ಬೆಸುಗೆ: ನಡೆಯತ್ತೆ, ಆದ್ರೆ 9020 ಬೋರ್ಡಿನ ಮುಖ್ಯ ಕನೆಕ್ಟರ್ ಡೆಲ್‌ನದ್ದೇ 8 ಪಿನ್, ಮಾಮೂಲಿ 24 ಪಿನ್ ಅಲ್ಲ. 24ರಿಂದ 8ಕ್ಕೆ ಅಡಾಪ್ಟರ್ ಜೊತೆಗೇ ತಗೋಬೇಕು. ಕಾರ್ಡಿನ ಉದ್ದಕ್ಕೂ ಜಾಗ ಕಡಿಮೆ. ಹಿಂದಿನ ಬ್ರ್ಯಾಕೆಟ್‌ನಿಂದ ಹಾರ್ಡ್ ಡಿಸ್ಕ್ ಗೂಡಿನವರೆಗೆ ಟೇಪ್ ಹಿಡಿದು ಅಳೆದ ಮೇಲೇ ದುಡ್ಡು ಕೊಡಿ.

ನೀಲಿಪರದೆ: ಆರ್‌ಎಕ್ಸ್ 6400 ಯಾರೂ ಹೇಳಲಿಲ್ಲ. 53 ವ್ಯಾಟ್, ಕೇಬಲ್ ಬೇಡ.

ಬೆಸುಗೆ: ಈ ಯಂತ್ರಕ್ಕೆ ಅದು ಸರಿಹೋಗಲ್ಲ. 6400ಕ್ಕೆ ನಾಲ್ಕೇ ಪಿಸಿಐಇ ಲೇನ್, ಅಂದ್ರೆ ಬೋರ್ಡಿನ ಜೊತೆ ಡೇಟಾ ಹೋಗಿಬರೋ ದಾರಿ ನಾಲ್ಕೇ. ಹೊಸ ಬೋರ್ಡಿನ 4.0 ಸ್ಲಾಟ್‌ನಲ್ಲಿ ತೊಂದರೆಯಿಲ್ಲ, ಇಲ್ಲಿರೋದು ಅದರ ಅರ್ಧ ವೇಗದ 3.0, ಹಾಗಾಗಿ ಸೆಕೆಂಡಿಗೆ ಸುಮಾರು 4 ಜಿಬಿ ಮಾತ್ರ ದಾಟತ್ತೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಟೆಕ್ಸ್ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ಈ ಇಕ್ಕಟ್ಟು ದಾರಿಯಲ್ಲೇ ರ‍್ಯಾಮ್‌ನಿಂದ ಬರಬೇಕು. ಅಲ್ಲೇ ಆಟ ತಡವರಿಸೋದು. 1650ಕ್ಕೆ 16 ಲೇನ್, 3050ಕ್ಕೆ 8.

ಅಂಕಣಿ: ಎಲ್ಲರೂ ಕಾರ್ಡಿನ ಹಿಂದೆ ಬಿದ್ದಿದ್ದೀರಿ. ಇವರ ರ‍್ಯಾಮ್ ಒಂದೇ ಚಾನೆಲ್‌ನಲ್ಲಿ ಓಡ್ತಿದೆ, ಅಂದ್ರೆ ಪ್ರೊಸೆಸರ್‌ಗೆ ಹೋಗೋ ಎರಡು ದಾರಿಯಲ್ಲಿ ಒಂದೇ ಬಳಕೆಯಲ್ಲಿದೆ. ಡಿಡಿಆರ್3-1600 ರ‍್ಯಾಮ್ ಒಂದೇ ಇದ್ರೆ ಸೆಕೆಂಡಿಗೆ 12.8 ಜಿಬಿ, ಜೋಡಿಯಾದ್ರೆ 25.6. ಇನ್ನೊಂದು 8 ಜಿಬಿ ಹಾಕಿ, ಯಂತ್ರದ ವಿವರ ತೋರಿಸೋ ಸಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಮೆಮೊರಿ ಟ್ಯಾಬ್‌ನಲ್ಲಿ 'ಡ್ಯುಯಲ್' (ಹೊಸ ಆವೃತ್ತಿಯಲ್ಲಿ '2 x 64-bit') ಅಂತ ಬಂತಾ ನೋಡಿ. ಬರದಿದ್ರೆ ಸ್ಲಾಟ್ ಬದಲಿಸಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹುಡುಕೋದಾದ್ರೆ ಲೇಬಲ್ ಓದಿ ತಗೊಳ್ಳಿ: ಸರ್ವರ್‌ನ ರಿಜಿಸ್ಟರ್ಡ್ ಇಸಿಸಿ ರ‍್ಯಾಮ್ ಅಗ್ಗಕ್ಕೆ ಸಿಕ್ಕರೂ ಈ ಬೋರ್ಡು ಅದರಲ್ಲಿ ಬೂಟ್ ಆಗಲ್ಲ. ಹಾರ್ಡ್ ಡಿಸ್ಕ್ ಬದಲು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಎಫ್‌ಪಿಎಸ್ (ಸೆಕೆಂಡಿಗೆ ಮೂಡೋ ಚಿತ್ರಗಳು) ಏರಲ್ಲ, ಆದ್ರೆ ಜಿಟಿಎ ನಕ್ಷೆ ಲೋಡ್ ಆಗೋ ಕಾಯುವಿಕೆ ತಪ್ಪತ್ತೆ.

ಕರಾವಳಿ_ಪಿಸಿ: ಇಷ್ಟೆಲ್ಲ ಖರ್ಚು ಮಾಡೋಕೆ ಈ ಯಂತ್ರ ಯೋಗ್ಯವಾ? ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 4ನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹೇಗೋ ಹಾಕಿದ್ರೂ 11ರಲ್ಲಿ ವ್ಯಾಲರಂಟ್ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಕೇಳತ್ತೆ.

ಅಂಕಣಿ: ಆ ಮಾತು ಸರಿ, ಅದಕ್ಕೇ ವ್ಯಾಲರಂಟ್ ಆಡೋವರೆಗೆ 10 ಬಿಡಬೇಡಿ ಅಂತೀನಿ. ಖರ್ಚಿನ ವಿಷಯಕ್ಕೆ ಬಂದ್ರೆ, ಕಾರ್ಡು, ಎಸ್‌ಎಸ್‌ಡಿ ಎರಡೂ ಮುಂದಿನ ಕಂಪ್ಯೂಟರ್‌ಗೆ ಹೋಗತ್ತೆ. ಇಲ್ಲೇ ಉಳಿಯೋದು ಡಿಡಿಆರ್3 ಮಾತ್ರ, ಅದನ್ನ ಸೆಕೆಂಡ್ ಹ್ಯಾಂಡಲ್ಲೇ ತಗೊಳ್ಳಿ.

ತುಂಗಾತೀರ: ಹಾಗಾದ್ರೆ ರ‍್ಯಾಮ್, ಎಸ್‌ಎಸ್‌ಡಿ, 3050 6 ಜಿಬಿ. ಐ7-4790 ಪ್ರೊಸೆಸರ್ ಕೂಡ ಹಾಕ್ಲಾ?

ಬೆಸುಗೆ: ಈಗಲೇ ಬೇಡ. ಮೊದಲು ಡೆಲ್ ಸೈಟ್‌ನಿಂದ ಬಯೋಸ್ (ಯಂತ್ರ ಶುರು ಮಾಡೋ ಬೋರ್ಡಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಆಮೇಲೆ ಕಾರ್ಡ್ ಕೂರಿಸಿ. ಮಾನಿಟರ್ ಕೇಬಲ್ ಕಾರ್ಡಿಗೇ ಚುಚ್ಚಬೇಕು, ಬೋರ್ಡಿಗೆ ಚುಚ್ಚಿದ್ರೆ ಹಳೇ ಇಂಟೆಲ್ ಗ್ರಾಫಿಕ್ಸ್‌ನಲ್ಲೇ ಆಡ್ತಿರ್ತೀರಿ. ನಂತರ ಕಾರ್ಡು, ಪ್ರೊಸೆಸರ್ ಎಷ್ಟು ಬಳಕೆಯಲ್ಲಿದೆ ಅಂತ ತೋರಿಸೋ ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ ಅರ್ಧ ಗಂಟೆ ಜಿಟಿಎ ಆಡಿ. ಕಾರ್ಡಿನ ಬಳಕೆ ಶೇಕಡಾ 95ರ ಮೇಲಿದ್ರೆ ಪ್ರೊಸೆಸರ್ ಸಾಕು. ನಾಲ್ಕೂ ಕೋರ್ 100ಕ್ಕೆ ಅಂಟಿಕೊಂಡು ಕಾರ್ಡು 60ರ ಆಸುಪಾಸಿಗೆ ಇಳಿದ್ರೆ ಆಗ 4790 ತರಬಹುದು: ಎಂಟು ಥ್ರೆಡ್ (ಒಟ್ಟಿಗೇ ಎಂಟು ಕೆಲಸ), ಅದೇ 84 ವ್ಯಾಟ್, ಕೂಲರ್ ಇದೇ ಸಾಕು. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಹಳೇ ಥರ್ಮಲ್ ಪೇಸ್ಟ್ ಒರೆಸಿ, ಬಟಾಣಿ ಗಾತ್ರದಷ್ಟು ಹೊಸ ಪೇಸ್ಟ್ ಹಾಕಿ.