ಮಗನಿಗೆ 18 ತುಂಬಿತು, ಸೈನ್ಯದ ಕಾರ್ಡ್ ಬಂತು. ಏನು ಮಾಡಲಿ?

ಫ್ರೀಮಾಂಟ್ ಅಮ್ಮ
ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಓದುವುದೇ ಜಾಸ್ತಿ, ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹದಿನೈದು ದಿನದ ಹಿಂದೆ ಮಗನಿಗೆ 18 ತುಂಬಿತು. ಮೊನ್ನೆ ಪಿಜ್ಜಾ ಕೂಪನ್‌ಗಳ ಮಧ್ಯೆ ಅಮೆರಿಕ ಸರ್ಕಾರದ ಸೆಲೆಕ್ಟಿವ್ ಸರ್ವಿಸ್‌ನಿಂದ ಅವನ ಹೆಸರಿಗೆ ಒಂದು ಕಾರ್ಡ್ ಬಂದಿತ್ತು. ಮುಂದೆ ಯುದ್ಧಕ್ಕೆ ಜನ ಸಾಲದೆ ಬಂದರೆ ಕರೆಯುವ ಪಟ್ಟಿ ಇದೆಯಲ್ಲ, ಅದಕ್ಕೆ ಹೆಸರು ಕೊಡಬೇಕಂತೆ. ಅವನು ಓದಿ, ಏನೂ ಮಾತಾಡದೆ, ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ಸಿಕ್ಕಿಸಿದ. ನಾವು ಧರ್ಮಸ್ಥಳದಿಂದ ತಂದ ಮ್ಯಾಗ್ನೆಟ್. ರಾತ್ರಿ ಊಟಕ್ಕೆ ಕೂತಾಗ, "ಇರಾಕ್‌ಗೆ ಸುಳ್ಳು ಹೇಳಿ ಹೋದರು. ಅಫ್ಘಾನಿಸ್ತಾನದಲ್ಲಿ 20 ವರ್ಷ ಕೂತು ಬರಿಗೈಲಿ ಬಂದರು. ಗಾಜಾ ಮೇಲೆ ಬೀಳುವ ಬಾಂಬ್ ಇಲ್ಲಿಂದ ಹೋಗುತ್ತೆ. ಇವರ ಪಟ್ಟಿಯಲ್ಲಿ ನನ್ನ ಹೆಸರು ಯಾಕೆ?" ಅಂದ. ಇವರು ತಟ್ಟೆ ಬಿಟ್ಟು ಎದ್ದರು. ಅಪ್ಪ ಮಗ ಮಾತಾಡಿ ನಾಲ್ಕು ದಿನ ಆಯಿತು. ಉಪ್ಪು ಬೇಕಿದ್ದರೂ ಇಬ್ಬರೂ ನನ್ನನ್ನೇ ಕೇಳುತ್ತಾರೆ.

ಬರುವ ಶನಿವಾರ ಯುದ್ಧ ಬೇಡ ಅಂತ ಮೆರವಣಿಗೆ ಇದೆಯಂತೆ. ಹೋಗೇ ಹೋಗುತ್ತಾನಂತೆ. ನಮ್ಮದು ಇನ್ನೂ ಗ್ರೀನ್ ಕಾರ್ಡ್. ನನ್ನ ಪ್ರಶ್ನೆ ಎರಡೇ. ಹೆಸರು ಕೊಡಲೇಬೇಕಾ? ಮೆರವಣಿಗೆಗೆ ಹೋದರೆ ಮುಂದೆ ಸಿಟಿಜನ್‌ಶಿಪ್‌ಗೆ ತೊಂದರೆಯಾ?

ಹಾಸನದ ಹುಡುಗ, ಡಲ್ಲಾಸ್
ಅಕ್ಕ, ಮೊದಲನೆಯದಕ್ಕೆ ಉತ್ತರ: ಕೊಡಲೇಬೇಕು. 18ರಿಂದ 25ರವರೆಗಿನ ಗಂಡುಮಕ್ಕಳು, ಸಿಟಿಜನ್ ಆಗಲಿ ಗ್ರೀನ್ ಕಾರ್ಡ್ ಆಗಲಿ, 18 ತುಂಬಿದ 30 ದಿನದೊಳಗೆ ಕೊಡಬೇಕು. ನಿಮಗೆ ಇನ್ನೂ ಟೈಮ್ ಇದೆ. ಎಚ್-4 (ಕೆಲಸದ ವೀಸಾದವರ ಹೆಂಡತಿ ಮಕ್ಕಳದ್ದು), ಎಫ್-1 (ಸ್ಟೂಡೆಂಟ್) ವೀಸಾದವರಿಗೆ ಬೇಡ. ಹೆಣ್ಣುಮಕ್ಕಳಿಗೂ ಬೇಡ.

ಹೆಸರು ಕೊಟ್ಟ ಮಾತ್ರಕ್ಕೆ ಯಾರೂ ಕರೆದುಕೊಂಡು ಹೋಗುವುದಿಲ್ಲ. ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವುದು ನಿಂತಿದ್ದು 1973ರಲ್ಲಿ. ಪಟ್ಟಿ ಮತ್ತೆ ಶುರುವಾಗಿದ್ದು 1980ರಲ್ಲಿ, ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ, ಅಧ್ಯಕ್ಷ ಕಾರ್ಟರ್ ಕಾಲದಲ್ಲಿ. ಕೊಡದಿದ್ದರೆ 5 ವರ್ಷದವರೆಗೆ ಜೈಲು ಅಂತ ಕಾನೂನಿನಲ್ಲಿದೆ. 1986ರ ಈಚೆಗೆ ಯಾರ ಮೇಲೂ ಕೇಸ್ ಹಾಕಿಲ್ಲ. ಆದರೆ ಸಿಟಿಜನ್‌ಶಿಪ್‌ನ ಎನ್-400 ಫಾರ್ಮಿನಲ್ಲಿ ಕೇಳುತ್ತಾರೆ, ಸಿಕ್ಕಿಹಾಕಿಕೊಳ್ಳುವುದು ಅಲ್ಲಿ. ಆನ್‌ಲೈನ್‌ನಲ್ಲಿ ಎರಡು ನಿಮಿಷದ ಕೆಲಸ. ನೋಂದಣಿ ಆಯಿತು ಅಂತ ಬರುವ ಪತ್ರ ಪ್ರಿಂಟ್ ಮಾಡಿ ಎತ್ತಿಡಿ. ಎರಡನೆಯದಕ್ಕೆ ಸಂಜೆ ಬರೆಯುತ್ತೇನೆ, ಈಗ ಮೀಟಿಂಗ್ ಇದೆ.

1988 ರಾಯರು, ನ್ಯೂಜೆರ್ಸಿ
ಮೇಡಂ, ಫಾರ್ಮು ಆಮೇಲೆ. ಮೊದಲು ಆ ಹುಡುಗನ ಬಾಯಿಗೆ ಬೀಗ ಹಾಕಿ. ನಾನು 1988ರಲ್ಲಿ ಬಂದವನು. ಒಂದು ಸೂಟ್‌ಕೇಸ್, ಅದರಲ್ಲಿ ಅರ್ಧ ಚಟ್ನಿಪುಡಿ. ಇಷ್ಟು ವರ್ಷದಲ್ಲಿ ಬುಷ್ ನೋಡಿದೆ, ಕ್ಲಿಂಟನ್ ನೋಡಿದೆ, ಮತ್ತೊಬ್ಬ ಬುಷ್ ನೋಡಿದೆ, ಒಬಾಮಾ ನೋಡಿದೆ. ಎಲ್ಲರೂ ಎಲ್ಲೋ ಒಂದು ಕಡೆ ಬಾಂಬ್ ಹಾಕಿದರು. ನಾನು ಮನೆ ಮುಂದೆ ಒಂದು ಚುನಾವಣಾ ಬೋರ್ಡ್ ಕೂಡ ನೆಡಲಿಲ್ಲ. ಇಬ್ಬರು ಮಕ್ಕಳೂ ಡಾಕ್ಟರು.

ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಏನಾಯಿತು? ಗಾಜಾ ಪ್ರತಿಭಟನೆ ಮಾಡಿದ ಹುಡುಗ, ಗ್ರೀನ್ ಕಾರ್ಡ್ ಇದ್ದವನು, ಹೆಂಡತಿ ತುಂಬು ಗರ್ಭಿಣಿ. ಹಿಡಿದು ಲೂಯಿಸಿಯಾನಾಗೆ ಸಾಗಿಸಿ ಮೂರು ತಿಂಗಳು ಇಟ್ಟರು. ಮಗು ಹುಟ್ಟಿದಾಗ ಅವನು ಒಳಗೆ. ನಿಮ್ಮ ಮಗನಿಗೂ ಅದೇ ಬೇಕಾ? ನಾವು ಬಂದಿದ್ದು ದುಡಿಯುವುದಕ್ಕೆ. ಅವರ ಯುದ್ಧ ಅವರಿಗೆ.

ಶನಿವಾರದ ಕನ್ನಡ ಶಾಲೆ ಟೀಚರ್
ಚಿಕ್ಕಂದಿನಿಂದ ಕನ್ನಡ ಶಾಲೆಗೆ ಕಳಿಸಿದ್ದರೆ ಮಕ್ಕಳು ಈ ತರಹ ಅಪ್ಪನಿಗೆ ಎದುರು ಮಾತಾಡುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ಫ್ರೀಮಾಂಟ್ ಅಮ್ಮ
ಆರು ವರ್ಷ ಕಳಿಸಿದ್ದೇವೆ ಮೇಡಂ. ಎದುರು ಮಾತಾಡಿದ್ದು ಕನ್ನಡದಲ್ಲೇ.

ಮಲ್ಲೇಶ್ವರಂ 8ನೇ ಕ್ರಾಸ್, ಸನಿವೇಲ್
ರಾಯರೇ, "ಅವರ ಯುದ್ಧ" ಅಂದಿರಲ್ಲ, ಅಲ್ಲೇ ನನಗೆ ತಡೆಯಲಿಲ್ಲ. ಪೇಸ್ಲಿಪ್ ನೋಡಿ. ವರ್ಷಕ್ಕೆ 800 ಬಿಲಿಯನ್ ಡಾಲರ್‌ಗೂ ಜಾಸ್ತಿ ಸೈನ್ಯಕ್ಕೆ ಹೋಗುತ್ತದೆ. ಇಸ್ರೇಲ್ ಒಂದಕ್ಕೇ 2016ರ ಒಪ್ಪಂದದ ಪ್ರಕಾರ ವರ್ಷಕ್ಕೆ 3.8 ಬಿಲಿಯನ್. ನಮ್ಮ ಎಚ್-1ಬಿ (ಕೆಲಸದ ವೀಸಾ) ಸಂಬಳದಿಂದಲೂ ತೆರಿಗೆ ಕಿತ್ತುಕೊಂಡಿದ್ದಾರೆ. ಓಟು ಇಲ್ಲ, ಮಾತು ಇಲ್ಲ, ಬಿಲ್ ಮಾತ್ರ ಇದೆ.

ನನ್ನ ಕಥೆ ಹೇಳಿಬಿಡುತ್ತೇನೆ. 2003ರ ಫೆಬ್ರವರಿ 5ಕ್ಕೆ ಆಗಿನ ವಿದೇಶಾಂಗ ಮಂತ್ರಿ ಕಾಲಿನ್ ಪವೆಲ್ ವಿಶ್ವಸಂಸ್ಥೆಯಲ್ಲಿ ಕೂತು ಪುಟ್ಟ ಸೀಸೆ ಎತ್ತಿ ತೋರಿಸಿದರು. ಇರಾಕ್ ಹತ್ತಿರ ಇಂಥ ವಿಷ ರಾಶಿ ರಾಶಿ ಇದೆ ಅಂದರು. 16ನೇ ತಾರೀಖು ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟ್ ತುಂಬ ಜನ. ನಾವು ಸುಮ್ಮನೆ ಊರು ಸುತ್ತಲು ಹೋಗಿದ್ದೆವು. ನಾನು, ಹೆಂಡತಿ, ತಳ್ಳುಗಾಡಿಯಲ್ಲಿ ಎಂಟು ತಿಂಗಳ ಮಗಳು. ಒಬ್ಬ ವಯಸ್ಸಾದ ಹೆಂಗಸು ನನ್ನ ಕಡೆ ಒಂದು ಬೋರ್ಡ್ ಚಾಚಿದರು, ಹಿಡಿದುಕೋ ಅಂತ. ಆರನೇ ವರ್ಷದ ಎಚ್-1ಬಿ ನನ್ನದು. ಮಗು ಇದೆ, ಆಗುವುದಿಲ್ಲ ಅಂತ ಗಾಡಿ ತೋರಿಸಿದೆ. ಆಯಮ್ಮ ನಕ್ಕು ಮುಂದೆ ಹೋದರು. ಅವರ ಕೈಯಲ್ಲಿ ಊರುಗೋಲು ಇತ್ತು.

ಮುಂದಿನ ತಿಂಗಳು ಯುದ್ಧ ಶುರುವಾಯಿತು. ಆ ಆಯುಧ ಸಿಗಲೇ ಇಲ್ಲ. ಸುಮಾರು 4,500 ಅಮೆರಿಕನ್ ಸೈನಿಕರು ಸತ್ತರು. ಇರಾಕಿಗಳ ಸಾವು ಲಕ್ಷದ ಲೆಕ್ಕದಲ್ಲಿ. ಆ ಮಗಳು ಈಗ ಕೇಳುತ್ತಾಳೆ, "ಅವತ್ತು ನೀನು ಎಲ್ಲಿದ್ದೆ?" ಅಂತ. ಅಲ್ಲೇ ಇದ್ದೆ, ಫುಟ್‌ಪಾತ್ ಮೇಲೆ.

1988 ರಾಯರು, ನ್ಯೂಜೆರ್ಸಿ
ಫುಟ್‌ಪಾತ್ ಮೇಲೆ ಇದ್ದಿದ್ದಕ್ಕೇ ಇವತ್ತು ಸನಿವೇಲ್‌ನಲ್ಲಿ ಮನೆ ಇದೆ ಸ್ವಾಮಿ.

ಮಂಗಳೂರು ಕಡೆಯವ, ಹ್ಯೂಸ್ಟನ್
ಎಲ್ಲ ಯುದ್ಧವೂ ಒಂದೇ ಅಂತ ಮಾತಾಡಬೇಡಿ ಮಾರಾಯರೇ. 1990ರ ಆಗಸ್ಟ್ 2ಕ್ಕೆ ಸದ್ದಾಂ ಕುವೈತ್‌ಗೆ ನುಗ್ಗಿದಾಗ ನನ್ನ ಅಪ್ಪ ಅಲ್ಲಿದ್ದರು. ನಮ್ಮ ಬೀದಿಯಲ್ಲೇ ಐದು ಮನೆಯ ಗಂಡಸರು ಅಲ್ಲಿದ್ದರು. ಅಮ್ಮ ರೇಡಿಯೋ ಪಕ್ಕದಲ್ಲೇ ಮಲಗುತ್ತಿದ್ದರು. ಅಪ್ಪ ಬಸ್ಸಿನಲ್ಲಿ ಇರಾಕ್ ದಾಟಿ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾದಲ್ಲಿ ಬಾಂಬೆಗೆ ಬಂದರು. ಒಂದೂಮುಕ್ಕಾಲು ಲಕ್ಷದ ಹತ್ತಿರ ಜನರನ್ನು ಹಾಗೆ ಕರೆತಂದರು. ಮನೆಗೆ ಬಂದಾಗ ಅವರ ಜೇಬಿನಲ್ಲಿ ಇದ್ದಿದ್ದು ಕಾರಿನ ಕೀ ಒಂದೇ. ಕಾರು ಕುವೈತ್‌ನಲ್ಲಿ. ಆ ಕೀಯನ್ನು ಕ್ಯಾಲೆಂಡರ್ ಮೊಳೆಗೆ ನೇತುಹಾಕಿದರು. 1991ರ ಫೆಬ್ರವರಿಯಲ್ಲಿ ಅಮೆರಿಕದವರು ಕುವೈತ್ ಬಿಡಿಸಿದರು. ಅಪ್ಪ ವಾಪಸ್ ಹೋದರು. ಕಾರು ಸಿಗಲಿಲ್ಲ, ಕೆಲಸ ಸಿಕ್ಕಿತು. ನನ್ನ ಎಂಜಿನಿಯರಿಂಗ್ ಫೀಸು ಅದರಲ್ಲೇ. ಯುದ್ಧ ಬೇಡ ಅನ್ನುವುದು ಸುಲಭ.

ಮಲ್ಲೇಶ್ವರಂ 8ನೇ ಕ್ರಾಸ್, ಸನಿವೇಲ್
1991 ಬೇರೆ, 2003 ಬೇರೆ. ನಾನು ಹೇಳಿದ್ದು 2003.

ಮಂಗಳೂರು ಕಡೆಯವ, ಹ್ಯೂಸ್ಟನ್
ನಾನು ಹೇಳಿದ್ದು ನನ್ನ ಅಪ್ಪನ ವಿಷಯ.

ಎನ್-400 ಭಾವ
ನಿಮ್ಮಿಬ್ಬರಲ್ಲಿ ಒಬ್ಬರು ಮಗನಿಗೆ 18 ಆಗುವ ಮೊದಲು ಸಿಟಿಜನ್ ಆಗಿದ್ದರೆ ಅವನೂ ತಾನಾಗಿಯೇ ಆಗುತ್ತಿದ್ದ. 2000ದ ಕಾನೂನು. ಈ ಗುಂಪಿನಲ್ಲಿ ಹತ್ತು ಸಲ ಬರೆದಿದ್ದೇನೆ, ಯಾರು ಓದುತ್ತಾರೆ? ಈಗ ಅವನೇ ಬೇರೆ ಅರ್ಜಿ ಹಾಕಬೇಕು.

ಫ್ರೀಮಾಂಟ್ ಅಮ್ಮ
ಗೊತ್ತು ಭಾವ. ಮೂರು ವರ್ಷದ ಹಿಂದೆಯೇ ಹಾಕಬಹುದಿತ್ತು. ತುರುವೇಕೆರೆ ಹತ್ತಿರ ಅಡಿಕೆ ತೋಟ ತೊಗೊಳ್ಳಬೇಕು ಅಂತ ಇವರ ಆಸೆ. ಇಲ್ಲಿಯ ಸಿಟಿಜನ್ ಆಗಿ ಒಸಿಐ (ವಿದೇಶಿ ಪ್ರಜೆಯಾದ ಭಾರತೀಯರ ಕಾರ್ಡ್) ಆದರೆ ಕೃಷಿ ಜಮೀನು ಕೊಳ್ಳುವ ಹಾಗಿಲ್ಲವಲ್ಲ. ತೋಟವೂ ಆಗಲಿಲ್ಲ, ಇದೂ ಆಗಲಿಲ್ಲ.

ಮೆರವಣಿಗೆ ವಿಷಯ ಯಾರಾದರೂ ಹೇಳಿ.

ಗೋಣಿಕೊಪ್ಪದವಳು, ಸ್ಯಾನ್ ಡಿಯಾಗೊ
ನನ್ನ ಮಗ ಮರೀನ್ಸ್‌ನಲ್ಲಿದ್ದಾನೆ. ಯಾರೂ ಕರೆಯಲಿಲ್ಲ, ತಾನೇ ಹೋದ. ಕೊಡಗಿನವರಿಗೆ ಇದು ಹೊಸದಲ್ಲ, ನನ್ನ ಅಜ್ಜ, ಇಬ್ಬರು ಮಾವಂದಿರು ಎಲ್ಲರೂ ಸೈನ್ಯ. ಜನರಲ್ ತಿಮ್ಮಯ್ಯ ನಮ್ಮ ಮಡಿಕೇರಿಯವರೇ. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ, ವಾಪಸ್ ಊರಿಗೆ ಹೋಗಲ್ಲ ಅಂತ ಹಟ ಹಿಡಿದ ಕೈದಿಗಳ ಉಸ್ತುವಾರಿಗೆ ಮಾಡಿದ ಆಯೋಗಕ್ಕೆ ಅವರೇ ಅಧ್ಯಕ್ಷರು. ಅಮೆರಿಕ ಒಂದು ಕಡೆ, ಚೀನಾ ಒಂದು ಕಡೆ, ಮಧ್ಯ ನಮ್ಮವರು. ಈ ಕಥೆ ಕೇಳಿಕೊಂಡೇ ಮಗ ಬೆಳೆದ. ಹೆಮ್ಮೆ ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಆದರೆ 2025ರ ಜೂನ್‌ನಲ್ಲಿ ಅಮೆರಿಕ ಇರಾನಿನ ಫೋರ್ಡೋ, ನತಾಂಜ್ ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕಿದ ಸುದ್ದಿ ಬಂತಲ್ಲ. ಇಲ್ಲಿ ಶನಿವಾರ ಸಂಜೆ. ಕಡಂಬುಟ್ಟು ಹಬೆಗೆ ಇಟ್ಟಿದ್ದೆ. ಟಿವಿ ಮುಂದೆ ನಿಂತವಳು ನಿಂತೇ ಇದ್ದೆ. ನೀರು ಆರಿ, ಪಾತ್ರೆ ತಳ ಸೀದು, ಹೊಗೆಯ ಅಲಾರಂ ಕೂಗಿದ ಮೇಲೆ ಎಚ್ಚರ ಆಯಿತು. ಯುದ್ಧ ಸಾರುವುದು ಕಾಂಗ್ರೆಸ್ (ಇಲ್ಲಿಯ ಸಂಸತ್ತು) ಕೆಲಸ ಅಂತ ಸಂವಿಧಾನದಲ್ಲಿದೆ. ಅವರು ಕೊನೆಯ ಸಲ ಸಾರಿದ್ದು 1942ರಲ್ಲಿ. ಅದಾದ ಮೇಲೆ ಎಷ್ಟು ಯುದ್ಧ ಆಯಿತು, ಎಣಿಸಿ. ನನ್ನ ಮಗ ಸಾಯಲು ತಯಾರಿದ್ದಾನೆ. ಕಳಿಸುವವರು ನಿಂತು ಒಂದು ಓಟು ಹಾಕಬಾರದಾ? ಮೆರವಣಿಗೆಗೆ ಹೋಗುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ.

ಗೌರಿಬಿದನೂರು, ಚಿಕಾಗೊ
ಆಗಲೇ ನಮ್ಮ ತಾಲ್ಲೂಕಿನ ಅಲೀಪುರದ ಮಕ್ಕಳು ಇರಾನಿನಲ್ಲಿ ಓದುತ್ತಾ ಸಿಕ್ಕಿಹಾಕಿಕೊಂಡಿದ್ದರು. ಊರಿನ ಅಮ್ಮಂದಿರು ಟಿವಿ ಮುಂದೆ. ಮೇಲಿನ ಅಕ್ಕ ಬರೆದಿದ್ದು ಓದಿ ಅದೇ ನೆನಪಾಯಿತು.

1988 ರಾಯರು, ನ್ಯೂಜೆರ್ಸಿ
ಎಲ್ಲರೂ ಭಾವುಕರಾಗಿದ್ದೀರಿ. ಮತ್ತೆ ಹೇಳುತ್ತೇನೆ, ತಲೆ ತಗ್ಗಿಸಿಕೊಂಡು ಇದ್ದವರಿಗೆ ಈ ದೇಶದಲ್ಲಿ ಏನೂ ಆಗುವುದಿಲ್ಲ.

ಮಲ್ಲೇಶ್ವರಂ 8ನೇ ಕ್ರಾಸ್, ಸನಿವೇಲ್
2017ರ ಫೆಬ್ರವರಿಯಲ್ಲಿ ಕಾನ್ಸಾಸ್‌ನ ಒಲೇಥಾದಲ್ಲಿ ಸತ್ತ ಹೈದರಾಬಾದಿನ ಎಂಜಿನಿಯರ್ ಏನು ಮಾಡುತ್ತಿದ್ದ? ಕೆಲಸ ಮುಗಿಸಿ ಗೆಳೆಯನ ಜತೆ ಬಾರಿನಲ್ಲಿ ಕೂತಿದ್ದ. ಗುಂಡು ಹೊಡೆದವನು ಇವರನ್ನು ಇರಾನಿನವರು ಅಂದುಕೊಂಡಿದ್ದ. ಅದಕ್ಕಿಂತ ತಲೆ ಹೇಗೆ ತಗ್ಗಿಸುವುದು ರಾಯರೇ?

1988 ರಾಯರು, ನ್ಯೂಜೆರ್ಸಿ
ಅದು ಒಬ್ಬ ಹುಚ್ಚನ ಕೆಲಸ. ಅದಕ್ಕೂ ಇದಕ್ಕೂ ಏನು ಸಂಬಂಧ? 2001ರ ಸೆಪ್ಟೆಂಬರ್ 11 ಆದಾಗ ನಾನು ಇದೇ ಜೆರ್ಸಿಯಲ್ಲಿದ್ದೆ. ಹೊಗೆ ನೋಡಿದ್ದೇನೆ. ನಮ್ಮ ಬೀದಿಯಲ್ಲಿ ಮನೆ ಮನೆಗೆ ಬಾವುಟ. ನಾನೂ ಕಟ್ಟಿದೆ. ಹೆದರಿ ಕಟ್ಟಿದೆ, ಒಪ್ಪಿಕೊಳ್ಳುತ್ತೇನೆ. ಇಳಿಸಲಿಲ್ಲ. ಈಗ ಅದು ಮನೆಯ ಬಾವುಟವೇ ಆಗಿದೆ.

ಹಾಸನದ ಹುಡುಗ, ಡಲ್ಲಾಸ್
ಮೀಟಿಂಗ್ ಮುಗಿಯಿತು. ಇಷ್ಟು ಬೆಳೆದಿದೆಯಾ ಇದು! ಅಕ್ಕ, ಎರಡನೇ ಉತ್ತರ. ಮೆರವಣಿಗೆಗೆ ಹೋಗುವುದು ಅಪರಾಧ ಅಲ್ಲ, ಗ್ರೀನ್ ಕಾರ್ಡ್ ಇದ್ದವರಿಗೂ ಮಾತಾಡುವ ಹಕ್ಕಿದೆ. ಅಪಾಯ ಇರುವುದು ಅರೆಸ್ಟ್ ಆದರೆ. ಕೇಸ್ ಬಿದ್ದುಹೋದರೂ ಎನ್-400ರಲ್ಲಿ ಅದನ್ನು ಬರೆಯಲೇಬೇಕು. ರಸ್ತೆ ತಡೆಯುವವರ ಜತೆ ಕೂರುವುದು ಬೇಡ, ಪೊಲೀಸರು ಚದುರಿ ಅಂದ ತಕ್ಷಣ ಹೊರಟುಬಿಡಲಿ. ರಾಯರು ಹೇಳಿದ ನ್ಯೂಯಾರ್ಕ್ ಪ್ರಕರಣ ನಿಜವೇ, ಈಗಿನ ಕಾಲ ಸರಿ ಇಲ್ಲ. ಅದಕ್ಕೇ ಇಮಿಗ್ರೇಷನ್ ವಕೀಲರನ್ನು ಒಂದು ಸಲ ಕೇಳಿ, ಅವರ ನಂಬರ್ ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡು ಹೋಗಲಿ.

ರಾಣೆಬೆನ್ನೂರು, ಅಟ್ಲಾಂಟಾ
ನಿಮ್ಮ ಮಗನಿಗೆ ಆ ಕಾರ್ಡ್ ಬಂದಿದೆ ಅಂದರೆ ಅವನು ಇಲ್ಲಿಯವನು ಅಂತ ಲೆಕ್ಕ. ನನ್ನ ಮಗ ಬಂದಾಗ ಐದು ವರ್ಷ, ಈಗ 20. ಎಚ್-4. ಬರುವ ವರ್ಷ 21 ಆದರೆ ಅದೂ ಇಲ್ಲ. ಎಫ್-1 ಮಾಡಿಸಬೇಕು, ಇಲ್ಲ ವಾಪಸ್ ಹೋಗಬೇಕು. ಊರಿಗೆ ಹೋಗಿ ವೀಸಾ ಸ್ಟಾಂಪಿಂಗ್ ಮಾಡಿಸಬೇಕಾದರೆ ಇನ್‌ಸ್ಟಾಗ್ರಾಮ್ ಎಲ್ಲ ಪಬ್ಲಿಕ್ ಇಡಬೇಕಂತೆ, 2025ರ ಜೂನ್‌ನಿಂದ ಸ್ಟೂಡೆಂಟ್ ವೀಸಾಕ್ಕೆ ಆ ನಿಯಮ. ಯುದ್ಧದ ಬಗ್ಗೆ ಅವನು ಹಾಕಿದ್ದ ಪೋಸ್ಟ್‌ಗಳನ್ನೆಲ್ಲ ನಾನೇ ಪಕ್ಕದಲ್ಲಿ ಕೂತು ಅಳಿಸಿಸಿದೆ. ಒಂದೊಂದಾಗಿ. ರಾತ್ರಿ ಒಂದೂವರೆ ಆಯಿತು. ಕೊನೆಯಲ್ಲಿ ಅವನು, "ನಮ್ಮ ನಾಯಿಯ ಫೋಟೋ ಇಡಬಹುದಾ ಅಪ್ಪಾ?" ಅಂತ ಕೇಳಿದ.

ಎನ್-400 ಭಾವ
ಅದಕ್ಕೇ ಹೇಳುವುದು, ಎಲ್ಲ ಮೊದಲೇ ಪ್ಲಾನ್ ಮಾಡಬೇಕು.

ಮಲ್ಲೇಶ್ವರಂ 8ನೇ ಕ್ರಾಸ್, ಸನಿವೇಲ್
ಭಾವ, ಗ್ರೀನ್ ಕಾರ್ಡ್ ಕ್ಯೂ ಇವರು ಪ್ಲಾನ್ ಮಾಡಿದ್ದಾ?

ಫ್ರೀಮಾಂಟ್ ಅಕ್ಕ, ನಿಮ್ಮ ಪಕ್ಕದ ಓಕ್ಲೆಂಡಿನ ಬಾರ್ಬರಾ ಲೀ ಬಗ್ಗೆ ಮಗನಿಗೆ ಹೇಳಿ. 2001ರ ಸೆಪ್ಟೆಂಬರ್ 14ಕ್ಕೆ ಯುದ್ಧಕ್ಕೆ ಅಧಿಕಾರ ಕೊಡುವ ಓಟು ನಡೆದಾಗ ಕೆಳಮನೆಯಲ್ಲಿ 420 ಜನ ಹೌದು ಅಂದರು. ಇಲ್ಲ ಅಂದಿದ್ದು ಆಯಮ್ಮ ಒಬ್ಬರೇ. ಕೊಲೆ ಬೆದರಿಕೆ ಬಂತು. ಮುಂದಿನ ಚುನಾವಣೆಯಲ್ಲಿ ಮತ್ತೆ ಗೆದ್ದರು.

ಫ್ರೀಮಾಂಟ್ ಅಮ್ಮ
ಶನಿವಾರ ರಾತ್ರಿ ಬರೆಯುತ್ತಿದ್ದೇನೆ. ಹಾಸನದ ತಮ್ಮನಿಗೆ ತುಂಬ ಥ್ಯಾಂಕ್ಸ್. ನೀನು ಬರೆದಿದ್ದನ್ನು ಹಾಗೇ ಅವನಿಗೆ ಓದಿ ಹೇಳಿದೆ. ಗುರುವಾರ ಹೆಸರು ಕೊಟ್ಟ, ಮುಖ ಸಿಂಡರಿಸಿಕೊಂಡೇ. ಪ್ರಿಂಟ್ ಮಾಡಿದ ಹಾಳೆಯನ್ನು ಅದೇ ಧರ್ಮಸ್ಥಳದ ಮ್ಯಾಗ್ನೆಟ್‌ಗೆ ಸಿಕ್ಕಿಸಿದ್ದಾನೆ. ಮೆರವಣಿಗೆಗೂ ಹೋಗಿ ಬಂದ. ಬಾರ್ಟ್ ರೈಲು ಸ್ಟೇಷನ್ನಿಗೆ ಇವರೇ ಬಿಟ್ಟು ಬಂದರು. ದಾರಿ ಉದ್ದಕ್ಕೂ ಮಾತಿಲ್ಲವಂತೆ. ಇಳಿಯುವಾಗ "ಚೀಟಿ ಇದೆಯಾ?" ಅಂದರಂತೆ. ಜೇಬು ತಟ್ಟಿ ತೋರಿಸಿದನಂತೆ. ಈಗ ಇಬ್ಬರೂ ಅಡುಗೆಮನೆಯಲ್ಲಿ ಇದ್ದಾರೆ. ಇನ್ನೂ ನನ್ನನ್ನೇ ಉಪ್ಪು ಕೇಳುತ್ತಿದ್ದಾರೆ.

1988 ರಾಯರು, ನ್ಯೂಜೆರ್ಸಿ
ಒಳ್ಳೆಯದಾಯಿತು. ಫೋಟೋ ಎಲ್ಲೂ ಹಾಕಬೇಡಿ ಮೇಡಂ.

ಶನಿವಾರದ ಕನ್ನಡ ಶಾಲೆ ಟೀಚರ್
ಹೊಸ ಬ್ಯಾಚ್‌ಗೆ ಹೆಸರು ಕೊಡಲು ಇನ್ನು ಒಂದು ವಾರ ಮಾತ್ರ. ಆಸಕ್ತರು ನನಗೆ ಮೆಸೇಜ್ ಮಾಡಿ.