ಉಳಿದ 400 ಗ್ರಾಂ ಅರಗು ಏನು ಮಾಡಲಿ?

ಅಜ್ಜಿ ಕಾಲದ ಬೀಟೆ ಪೆಟ್ಟಿಗೆಗೆ ಪಾಲಿಶ್ ಮಾಡಿಸೋಣ ಅಂತ ಅರ್ಧ ಕೆಜಿ ಶೆಲ್ಯಾಕ್ ತಂದೆ. ಅದೇ, ಅರಗಿನ ಚಕ್ಕೆ. ಬಡಗಿ ನೋಡಿ, "ಇದಕ್ಕೆ ನೂರು ಗ್ರಾಂ ಸಾಕಿತ್ತಲ್ಲಮ್ಮಾ" ಎಂದು ನಕ್ಕರು. ಉಳಿದದ್ದು ಬೀರುವಿನಲ್ಲಿದೆ. ಊಟದ ಮೇಜಿಗೆ ಹಚ್ಚಬಹುದಾ? ಮಗುವಿನ ಮರದ ಆಟಿಕೆಗೆ? ಬೇರೆ ಏನಕ್ಕಾದರೂ ಬರುತ್ತದಾ? ಬಳಸಿದವರು ಹೇಳಿ.

*

ಮೇಡಂ, ಮೊದಲು ಒಂದು ಮಾತು. ಎಲ್ಲವನ್ನೂ ಒಂದೇ ಸಲ ಸ್ಪಿರಿಟ್‌ಗೆ ಹಾಕಬೇಡಿ. ನಾನು ಹಾಕಿ ಕೆಟ್ಟೆ. ಚಕ್ಕೆಯಾಗಿ ತಂಪು ಜಾಗದಲ್ಲಿ ಇಟ್ಟರೆ ಬಹಳ ಕಾಲ ಇರುತ್ತದೆ. ಕರಗಿಸಿದ ಮೇಲೆ ಆರು ತಿಂಗಳೊಳಗೆ ಮುಗಿಸುವುದು ಒಳ್ಳೆಯದು. ಹಳೆಯದಾದರೆ ಹಚ್ಚಿದ ಮೇಲೆ ಒಣಗುವುದೇ ಇಲ್ಲ. ನಮ್ಮನೆ ಸ್ಟೂಲಿನಿಂದ ಮಾವ ಎದ್ದಾಗ ಪಂಚೆ ಅಲ್ಲೇ ಅಂಟಿಕೊಂಡಿತ್ತು! ಅನುಮಾನ ಇದ್ದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಮರುದಿನವೂ ಜಿಗುಟಾಗಿದ್ದರೆ ಚೆಲ್ಲಿಬಿಡಿ.

ಅರ್ಧ ಲೀಟರ್ ಸ್ಪಿರಿಟ್‌ಗೆ 60 ಗ್ರಾಂ ಚಕ್ಕೆ ನನ್ನ ಲೆಕ್ಕ. ಗಾಜಿನ ಬಾಟಲಿಯೇ ಇರಲಿ. ಕಬ್ಬಿಣದ ಡಬ್ಬಿಯಲ್ಲಿ ಬಣ್ಣ ಕಪ್ಪಾಗುತ್ತದೆ. ರಾತ್ರಿ ನೆನೆಸಿ, ಆಗಾಗ ಕುಲುಕಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಹತ್ತಿ ಉಂಡೆಗೆ ಹಳೇ ಪಂಚೆ ತುಂಡು ಸುತ್ತಿ, ಅದರಿಂದ ತೆಳ್ಳಗೆ ಎಳೆಯಿರಿ. ಒಂದು ದಪ್ಪ ಪದರಕ್ಕಿಂತ ಹತ್ತು ತೆಳು ಪದರ ಮೇಲು. ಮಳೆ ಹಿಡಿದ ದಿನ ಮಾತ್ರ ಬೇಡ, ತೇವಕ್ಕೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಕಿಟಕಿ ತೆಗೆದಿಡಿ, ಒಲೆ ದೀಪ ದೂರ ಇರಲಿ. ಅರಗಿನ ಮನೆ ಕಥೆ ಗೊತ್ತಲ್ಲ!

ಊಟದ ಮೇಜಿಗೆ ನನ್ನ ಉತ್ತರ ಬೇಡ. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಸೋಡಾ, ಸೋಪಿನ ನೀರಿಗೂ ಆಗುವುದಿಲ್ಲ. ಆದರೆ ರಿಪೇರಿ ಇದರಷ್ಟು ಸುಲಭ ಯಾವುದೂ ಇಲ್ಲ. ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಹಗುರವಾಗಿ ಸವರಿದರೆ ಹಳೇ ಪದರವೇ ಕರಗಿ ಹೊಸದರ ಜೊತೆ ಕೂಡಿಕೊಳ್ಳುತ್ತದೆ. ಪೆಟ್ಟಿಗೆ, ಚಿತ್ರದ ಕಟ್ಟು, ಬೀರುವಿನ ಬಾಗಿಲು, ಇವಕ್ಕೆ ಧಾರಾಳವಾಗಿ ಬಳಸಿ. ಪೈನ್ ಮರಕ್ಕೆ ಬಣ್ಣ ಹೊಡೆಯುವ ಮೊದಲು ಗಂಟುಗಳ ಮೇಲೆ ಒಂದೆರಡು ಕೈ ಹಚ್ಚಿ. ಆಗ ಒಳಗಿನ ಅಂಟು ಬಣ್ಣದ ಮೇಲಕ್ಕೆ ಬರುವುದಿಲ್ಲ.

*

ನಮ್ಮದು ಚನ್ನಪಟ್ಟಣ. ಆಟಿಕೆ ಕೇಳಿದ್ದೀರಿ, ಅದಕ್ಕೆ ಹೇಳುತ್ತೇನೆ. ಇಲ್ಲಿ ಸ್ಪಿರಿಟ್ ಕೆಲಸವೇ ಇಲ್ಲ. ಅರಗನ್ನು ಕೆಂಡದ ಶಾಖಕ್ಕೆ ಮೆತ್ತಗೆ ಮಾಡಿ, ಬಣ್ಣ ಸೇರಿಸಿ ನಾದಿ, ಕಡ್ಡಿ ಮಾಡಿಕೊಳ್ಳುತ್ತಾರೆ. ಆಲೆ ಅನ್ನುವ ಮರದ ತುಂಡು ಲೇತಿನಲ್ಲಿ ಗರಗರ ತಿರುಗುವಾಗ ಆ ಕಡ್ಡಿ ಒತ್ತಬೇಕು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು. ಆ ಹೊಳಪು ಬಟ್ಟೆಯಲ್ಲಿ ಸವರಿದರೆ ಬರುವುದಿಲ್ಲ, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಮಗು ಬಾಯಿಗೆ ಇಡುತ್ತದೆ ಅಂದರೆ ಅರಗಿಗಿಂತ ಅದರಲ್ಲಿ ಬೆರೆಸುವ ಬಣ್ಣ ಯಾವುದು ಅಂತ ಜಾಸ್ತಿ ಯೋಚಿಸಿ. ಬಣ್ಣ ಇಲ್ಲದೆ ಹಚ್ಚಿ, ಸ್ಪಿರಿಟ್ ವಾಸನೆ ಪೂರ್ತಿ ಹೋಗುವವರೆಗೆ ಕೊಡಬೇಡಿ.

*

ಇದು ಸಸ್ಯಾಹಾರವಾ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಅರಗು ಮರದ ಅಂಟಲ್ಲ. ಮುತ್ತುಗ, ಎಲಚಿಯಂಥ ಮರಗಳ ಎಳೆ ಕೊಂಬೆಗೆ ಕೂತು ರಸ ಹೀರುವ ಸಣ್ಣ ಹುಳುಗಳು ಮೈಸುತ್ತ ಕಟ್ಟಿಕೊಳ್ಳುವ ಕವಚ ಅದು. ಜಾರ್ಖಂಡ್ ಕಡೆ ಇದರ ಬೆಳೆ ಜಾಸ್ತಿ. ರಾಂಚಿ ಹತ್ತಿರದ ನಾಮ್‌ಕುಮ್‌ನಲ್ಲಿ 1924ರಲ್ಲೇ ಇದಕ್ಕೆಂದು ಸಂಶೋಧನಾ ಸಂಸ್ಥೆ ಶುರುವಾಯಿತು. ಹೊಳೆಯುವ ಪೆಪ್ಪರ್‌ಮೆಂಟ್ ಪೊಟ್ಟಣದ ಹಿಂದೆ 904 ಎಂಬ ಸಂಖ್ಯೆ ಇದ್ದರೆ ಅದು ಶೆಲ್ಯಾಕ್. ಕೆಲವು ಮಾತ್ರೆಗಳ ಮೇಲಿನ ಪದರವೂ ಇದೇ. ಹಾಗಂತ ಹಾರ್ಡ್‌ವೇರ್ ಅಂಗಡಿಯ ಚಕ್ಕೆ ತಿನ್ನುವುದಕ್ಕಲ್ಲ.

*

ನನ್ನದೊಂದು ಅಪರಾಧ ಒಪ್ಪಿಕೊಳ್ಳಲಾ? ತಾತನ ಗ್ರಾಮೊಫೋನ್ ಪ್ಲೇಟುಗಳಿಗೆ ಬೂಸ್ಟು ಹಿಡಿದಿತ್ತು. ಸ್ಪಿರಿಟ್‌ನಲ್ಲಿ ಒರೆಸಿದೆ. ಬಟ್ಟೆ ಕಪ್ಪಾಯಿತು, ಕೊಳೆ ಹೋಯಿತು ಅಂತ ಖುಷಿಪಟ್ಟೆ. ಹೋದದ್ದು ಕೊಳೆಯಲ್ಲ, ಹಾಡು. 78 ಸುತ್ತಿನ ಹಳೇ ಪ್ಲೇಟುಗಳು ಕಲ್ಲಿನ ಪುಡಿಯನ್ನು ಶೆಲ್ಯಾಕ್‌ನಲ್ಲಿ ಕಲಸಿ ಒತ್ತಿದವು. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದೂ ಇಂಥ ಪ್ಲೇಟುಗಳಿಗೇ. ಆಕೆ ಕೊನೆಗೆ ಮೈಸೂರು ಅರಮನೆಗೆ ಬಂದು 1930ರಲ್ಲಿ ಮೈಸೂರಲ್ಲೇ ತೀರಿಕೊಂಡರು. ಪ್ಲೇಟು ಒರೆಸುವವರು ಸ್ಪಿರಿಟ್ ಮುಟ್ಟಬೇಡಿ, ಪ್ಲೀಸ್.

*

ಅಂಚೆ ಕಚೇರಿಯಲ್ಲಿ ಅರಗಿನ ಸೀಲು ಹಾಕಿದವನು ನಾನು. ಗುಟ್ಟು ಇಷ್ಟೇ: ಹಿತ್ತಾಳೆ ಮುದ್ರೆಯನ್ನು ಒದ್ದೆ ಮಾಡಿ ಒತ್ತಬೇಕು, ಇಲ್ಲದಿದ್ದರೆ ಅರಗು ಮುದ್ರೆಗೇ ಅಂಟಿ ಬರುತ್ತದೆ. ಬರೀ ಚಕ್ಕೆಯಲ್ಲಿ ಸೀಲು ಚೆನ್ನಾಗಿ ಬರುವುದಿಲ್ಲ, ಪ್ರಯತ್ನಿಸಬೇಡಿ.

*

ಅಕ್ಕಾರೆ, ಅರಗಿನ ಗುಂಡು ಮರೆತುಬಿಟ್ರಲ್ಲ! ಬೋರಮಾಳ ಸರದ ಬಂಗಾರದ ಗುಂಡುಗಳ ಒಳಗೆ ಇರುವುದು ಇದೇ. ತೆಳು ಬಂಗಾರ ನಜ್ಜಾಗದಂತೆ ತುಂಬಿರುತ್ತಾರೆ. ಅವ್ವನ ಸರ ಮಾರಲು ಹೋದಾಗ ಅಂಗಡಿಯವರು ಅರಗಿನ ಲೆಕ್ಕ ಅಂತ ಕಳೆದ ತೂಕ ನೋಡಿ ಅವ್ವ ಅಂಗಡಿಯಲ್ಲೇ ಜಗಳ ತೆಗೆದಿದ್ದರು. ಕೊಳ್ಳುವಾಗಲೇ ಅರಗು ಎಷ್ಟು, ಬಂಗಾರ ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ನಿಮ್ಮ ಚಕ್ಕೆಗೆ ಇನ್ನೊಂದು ಕೆಲಸ ಇದೆ. ಚಾಕು, ಕುಡುಗೋಲಿನ ಹಿಡಿ ಕಳಚಿದ್ದರೆ ತೂತಿಗೆ ಪುಡಿ ಮಾಡಿದ ಅರಗು, ಜರಡಿ ಹಿಡಿದ ಇಟ್ಟಿಗೆ ಪುಡಿ ತುಂಬಿ. ಹಿಡಿಯೊಳಗೆ ಹೋಗುವ ತುದಿಯನ್ನಷ್ಟೇ ಕಾಯಿಸಿ, ಒತ್ತಿ, ಆರುವವರೆಗೆ ನೇರ ಹಿಡಿಯಿರಿ. ನಮ್ಮೂರ ಕಮ್ಮಾರರು ಹೀಗೇ ಮಾಡುತ್ತಿದ್ದರು.

*

ಎಲ್ಲರಿಗೂ ಥ್ಯಾಂಕ್ಸ್. ಮೇಜಿನ ಆಸೆ ಬಿಟ್ಟೆ. 60 ಗ್ರಾಂ ನೆನೆಸಿದ್ದೇನೆ, ಉಪ್ಪಿನಕಾಯಿ ಜಾಡಿ ಅಂತ ಯಾರೂ ತೆಗೆಯದಿರಲಿ ಅಂತ ಮೇಲೆ ದೊಡ್ಡದಾಗಿ ಬರೆದಿದ್ದೇನೆ. ತರಕಾರಿ ಚಾಕಿನ ಹಿಡಿ ಈವತ್ತೇ ಕೂರಿಸಿದೆ. ಗಟ್ಟಿಯಾಗಿದೆ, ಆದರೆ ಸ್ವಲ್ಪ ಓರೆ. ನಾಳೆ ಮತ್ತೆ ಕಾಯಿಸಿ ನೋಡುತ್ತೇನೆ.